ಎಒಟಿ, ಲೈಪೇಸ್, ಸಿ10ಇ4: ಮೈಕ್ರೋಎಮಲ್ಷನ್ ಪದರದ ಬಿಗಿತ ಅಳೆಯುವವರು ಕೊಳ್ಳುವ ಮುನ್ನ

ಮೈಕ್ರೋಎಮಲ್ಷನ್ ಎಂದರೆ ನೀರು ಮತ್ತು ಎಣ್ಣೆ ನ್ಯಾನೋಮೀಟರ್ ಗಾತ್ರದಲ್ಲಿ ಬೆರೆತ ತಿಳಿ ದ್ರವ; ಎರಡರ ಗಡಿಯಲ್ಲಿ ಸರ್ಫ್ಯಾಕ್ಟೆಂಟ್, ಅಂದರೆ ಸಾಬೂನಿನಂಥ ಅಣುಗಳ ಪದರ ಇರುತ್ತದೆ. ಕಿಣ್ವ ಸೇರಿದಾಗ ಈ ಪದರ ಮೆತ್ತಗಾಗುತ್ತದೆಯೇ, ಬಿಗಿಯಾಗುತ್ತದೆಯೇ? ಈ ಪ್ರಶ್ನೆ ಹಿಡಿದು ಕೆಲಸ ಶುರು ಮಾಡುವ ಪ್ರಯೋಗಾಲಯಗಳು ಮೊದಲು ತರಿಸುವುದು ಎರಡು ಬಾಟಲಿ. ಒಂದರಲ್ಲಿ ಎಒಟಿ ಎಂಬ ಸರ್ಫ್ಯಾಕ್ಟೆಂಟ್, ಅಂದರೆ ಸೋಡಿಯಂ ಬಿಸ್-2-ಈಥೈಲ್‌ಹೆಕ್ಸಿಲ್ ಸಲ್ಫೋಸಕ್ಸಿನೇಟ್. ಇನ್ನೊಂದರಲ್ಲಿ ಎಸ್ಟರ್ ಒಡೆಯುವ ಕಿಣ್ವವಾದ ಲೈಪೇಸ್, ಹೆಚ್ಚಿನ ಮಟ್ಟಿಗೆ ಕ್ಯಾಂಡಿಡಾ ಅಂಟಾರ್ಕ್ಟಿಕಾ ಲೈಪೇಸ್ ಬಿ. ಈ ವಿಮರ್ಶೆ ಈ ಎರಡರ ಬಗ್ಗೆ ಮತ್ತು ಎಒಟಿಗೆ ಬದಲಾಗಿ ನಿಲ್ಲಬಲ್ಲ ಸಿ10ಇ4 ಎಂಬ ಇನ್ನೊಂದು ಸರ್ಫ್ಯಾಕ್ಟೆಂಟಿನ ಬಗ್ಗೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹನಿ ಕಟ್ಟಲು ಎಒಟಿಗೆ ಸಾಟಿಯಿಲ್ಲ, ಕಿಣ್ವದ ಚಟುವಟಿಕೆ ನೋಡಲೂ ಒಳ್ಳೆಯದು. ಆದರೆ ಪದರದ ಬಿಗಿತದಲ್ಲಿ ಕಿಣ್ವದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬೇಕಾದಾಗ ಅದನ್ನು ಬಾಟಲಿಯಿಂದ ತೆಗೆದ ಹಾಗೇ ಬಳಸಬಾರದು. ಅದರೊಳಗಿನ ಕಲ್ಮಶ, ಲೈಪೇಸ್ ಜೊತೆ ಬರುವ ಗ್ಲಿಸರಾಲ್, ಕಿಣ್ವವೇ ತಯಾರಿಸುವ ಉತ್ಪನ್ನ, ಈ ಮೂರೂ ಕಿಣ್ವಕ್ಕಿಂತ ಹೆಚ್ಚು ಜೋರಾಗಿ ಪದರವನ್ನು ಬದಲಿಸಬಲ್ಲವು.

ಅಳೆಯುವುದು ಏನನ್ನು

1973ರಲ್ಲಿ ಹೆಲ್ಫ್‌ರಿಶ್ ಕೊಟ್ಟ ಲೆಕ್ಕದಲ್ಲಿ ಪದರಕ್ಕೆ ಮೂರು ಗುಣಗಳಿವೆ. ಬಾಗಿಸಲು ಬೇಕಾದ ಶಕ್ತಿಯನ್ನು ಹೇಳುವ ಕಪ್ಪಾ, ತೂತು-ಸೇತುವೆಗಳಂಥ ಆಕಾರ ತಾಳಲು ಬೇಕಾದ ಶಕ್ತಿಯನ್ನು ಹೇಳುವ ಕಪ್ಪಾ-ಬಾರ್, ಮತ್ತು ಪದರ ತಾನಾಗಿ ಯಾವ ಕಡೆಗೆ ಎಷ್ಟು ಬಾಗಲು ಬಯಸುತ್ತದೆ ಎಂಬ ಸಹಜ ವಕ್ರತೆ. ಅಳತೆಗೋಲು ಕೆಟಿ, ಅಂದರೆ ಉಷ್ಣಶಕ್ತಿಯ ಮಾನ; 25 °ಸೆ.ನಲ್ಲಿ ಅದು 4.1×10⁻²¹ ಜೂಲ್. ಲಿಪಿಡ್ ದ್ವಿಪದರದ ಕಪ್ಪಾ ಸುಮಾರು 20 ಕೆಟಿ ಆಸುಪಾಸಿನಲ್ಲಿದ್ದರೆ ಮೈಕ್ರೋಎಮಲ್ಷನ್ನಿನ ಒಂಟಿ ಪದರದ್ದು 1 ಕೆಟಿ ಅಥವಾ ಅದಕ್ಕೂ ಕಡಿಮೆ. ಉಷ್ಣದ ಕುಲುಕಾಟವೊಂದೇ ಅದನ್ನು ಸುಕ್ಕುಗಟ್ಟಿಸಲು ಸಾಕು. ಇಷ್ಟು ಮೆದುವಾದ ಪದರದಲ್ಲಿ ಕಿಣ್ವದ ಚಿಕ್ಕ ಪ್ರಭಾವವೂ ಕಾಣುತ್ತದೆ ಎನ್ನುವುದು ನಿಜ. ಕೊಳೆಯ ಚಿಕ್ಕ ಪ್ರಭಾವವೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಕಿಣ್ವ ಪದರದ ಮೇಲೆ ಕೆಲಸ ಮಾಡುವ ದಾರಿಗಳು ಒಂದಕ್ಕೊಂದು ವಿರುದ್ಧ. ನೀರಿನಲ್ಲಿ ಕರಗಿದ್ದು ಪದರಕ್ಕೆ ಅಂಟದೆ ಉಳಿದರೆ, ಪದರದ ಪಕ್ಕದಲ್ಲಿ ತನ್ನ ಗಾತ್ರದಷ್ಟು ಅಗಲದ ಪಟ್ಟಿಯೊಂದು ಅದಕ್ಕೆ ಎಟುಕುವುದಿಲ್ಲ. ಆ ಖಾಲಿ ಪಟ್ಟಿಯಿಂದಾಗಿ ಬಿಗಿತ ಇಳಿಯುತ್ತದೆ. ನೀರಿನಲ್ಲಿ ಕರಗಿದ, ಪದರಕ್ಕೆ ಅಂಟದ ಪಾಲಿಮರುಗಳು ಮಾಡುವುದೂ ಇದನ್ನೇ. ಒಂದು ಭಾಗವನ್ನು ಪದರದಲ್ಲಿ ನೆಟ್ಟು ಉಳಿದದ್ದನ್ನು ನೀರಿನತ್ತ ಚಾಚಿದ ಅಣು ಇದಕ್ಕೆ ತದ್ವಿರುದ್ಧ, ಅದು ಬಿಗಿತವನ್ನು ಏರಿಸುತ್ತದೆ. ಪದರದೊಳಗೇ ತೂರಿಕೊಳ್ಳುವ, ಒಂದು ಬದಿ ದಪ್ಪ ಇನ್ನೊಂದು ಬದಿ ತೆಳುವಾದ ಅಣುವಿನದು ಮೂರನೆಯ ಬಗೆ. ಅದು ತನಗೆ ಹೊಂದುವ ವಕ್ರತೆ ಇರುವ ಕಡೆ ಜಮಾಯಿಸುತ್ತದೆ, ಜಮಾಯಿಸಿದ ಕಡೆ ವಕ್ರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೀಗಾದಾಗ ಒಟ್ಟಾರೆ ಬಿಗಿತ ಕುಸಿಯುತ್ತದೆ ಎಂದು ಲೈಬ್ಲರ್ 1986ರಲ್ಲೇ ತೋರಿಸಿದ್ದರು. ವಿದ್ಯುದಾವೇಶ ಇರುವ ಪದರದಲ್ಲಿ ಇನ್ನೊಂದು ಎಳೆ ಸೇರುತ್ತದೆ: ಆವೇಶ ಬಿಗಿತವನ್ನು ಹೆಚ್ಚಿಸುತ್ತದೆ, ಲವಣ ಅಥವಾ ವಿರುದ್ಧ ಆವೇಶದ ಪ್ರೋಟೀನ್ ಅದನ್ನು ತಣಿಸಿ ಇಳಿಸುತ್ತದೆ. ಆದ್ದರಿಂದ ಕಪ್ಪಾ ಏರಿತೋ ಇಳಿಯಿತೋ ಎಂಬ ಒಂದೇ ಸಂಖ್ಯೆಯಿಂದ ಕಿಣ್ವ ಎಲ್ಲಿ ಕುಳಿತಿದೆ ಎಂದು ಹೇಳಲಾಗದು. ಹೇಳಬೇಕಾದರೆ ಉಳಿದ ಎಲ್ಲವನ್ನೂ ಕಟ್ಟಿಹಾಕಬೇಕು. ಸಾಮಗ್ರಿಯ ಗುಣಮಟ್ಟದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕಾಗಿಯೇ.

ಎಒಟಿ ಬಾಟಲಿ

ಬಿಳಿ, ಮೇಣದಂಥ, ಚಮಚಕ್ಕೆ ಅಂಟಿಕೊಳ್ಳುವ ಘನವಸ್ತು. ಅಣುತೂಕ 444.6. ಐಸೋಆಕ್ಟೇನ್ ಎಂಬ ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ, ಕೊಸರ್ಫ್ಯಾಕ್ಟೆಂಟ್ ಎಂಬ ಸಹಾಯಕ ಅಣುವಿನ ಹಂಗಿಲ್ಲದೆ ನೀರನ್ನು ಹನಿಯಾಗಿ ಹಿಡಿದುಕೊಳ್ಳುತ್ತದೆ. ಇದೇ ಇದರ ದೊಡ್ಡ ಗುಣ. ಘಟಕಗಳು ಕಡಿಮೆಯಾದಷ್ಟೂ ಲೆಕ್ಕ ಸರಳ. ಹನಿಯ ಗಾತ್ರವನ್ನು ಒಂದೇ ತಿರುಪಿನಿಂದ ಹೊಂದಿಸಬಹುದು: ನೀರಿನ ಮೋಲ್‌ಗಳನ್ನು ಎಒಟಿ ಮೋಲ್‌ಗಳಿಂದ ಭಾಗಿಸಿದರೆ ಬರುವ ನೀರಿನ ಅನುಪಾತ. ಅದನ್ನು 0.175ರಿಂದ ಗುಣಿಸಿದರೆ ಒಳಗಿನ ನೀರಿನ ತ್ರಿಜ್ಯ ಹೆಚ್ಚುಕಡಿಮೆ ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಡೈನಮಿಕ್ ಲೈಟ್ ಸ್ಕ್ಯಾಟರಿಂಗ್ (ಚದುರಿದ ಬೆಳಕಿನಿಂದ ಗಾತ್ರ ಅಳೆಯುವ ವಿಧಾನ) ತೋರಿಸುವ ತ್ರಿಜ್ಯ ಬೇಕೆಂದರೆ ಇದಕ್ಕೆ ಇನ್ನೂ 1.5 ನ್ಯಾನೋಮೀಟರ್ ಕೂಡಿಸಬೇಕು.

ತಯಾರಿ ಹೀಗೆ. 100 ಮಿ.ಲೀ. ಫ್ಲಾಸ್ಕಿನಲ್ಲಿ 4.446 ಗ್ರಾಂ ಒಣ ಎಒಟಿ ಹಾಕಿ, ಐಸೋಆಕ್ಟೇನಿನಿಂದ ಗುರುತಿನವರೆಗೆ ತುಂಬಿಸಿದರೆ 0.1 ಮೋಲಾರ್ ದ್ರಾವಣ. ಇದರ 10 ಮಿ.ಲೀ.ಗೆ 0.36 ಮಿ.ಲೀ. ನೀರು ಅಥವಾ ಬಫರ್ ಸೇರಿಸಿದರೆ ಅನುಪಾತ 20, ನೀರಿನ ತ್ರಿಜ್ಯ ಸುಮಾರು 3.5 ನ್ಯಾನೋಮೀಟರ್. ಕಿಣ್ವವನ್ನು ಆ 0.36 ಮಿ.ಲೀ. ಬಫರಿನಲ್ಲೇ ಕರಗಿಸಿ, ಮೈಕ್ರೋಪಿಪೆಟ್ಟಿನಿಂದ ಬಿಟ್ಟು, ಮುಚ್ಚಿ ಕುಲುಕಬೇಕು. ಸ್ವಲ್ಪ ಹೊತ್ತು ಹಾಲಿನಂತೆ ಕಂಡು ಆಮೇಲೆ ತಿಳಿಯಾಗಬೇಕು. ತಿಳಿಯಾಗದೆ ಮಸುಕು ಉಳಿದರೆ ಕಾರಣ ಎರಡರಲ್ಲಿ ಒಂದು: ಬಫರಿನ ಲವಣ ಜಾಸ್ತಿಯಾಗಿ ಎಒಟಿ ಅಷ್ಟು ನೀರನ್ನು ಹಿಡಿಯಲಾರದೆ ಹೋಗಿದೆ, ಇಲ್ಲವೇ ಪ್ರೋಟೀನ್ ಕರಗದೆ ಗಸಿಯಾಗಿದೆ. ಕಿಣ್ವವಿಲ್ಲದ ಅದೇ ಬಫರಿನಿಂದ ಇನ್ನೊಂದು ಟ್ಯೂಬ್ ಮಾಡಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ಇನ್ನು ದೂರುಗಳು. ಮೊದಲನೆಯದು ನೀರು. ಎಒಟಿ ಗಾಳಿಯ ತೇವ ಹೀರುತ್ತದೆ. ತೂಕದ 2% ನೀರು ಇದ್ದರೆ ಮೇಲಿನ 4.446 ಗ್ರಾಂನಲ್ಲಿ 0.089 ಗ್ರಾಂ ನೀರು, ಅಂದರೆ ನೀವು ಒಂದು ಹನಿ ಸೇರಿಸುವ ಮುಂಚೆಯೇ ಅನುಪಾತ 0.5. ಅನುಪಾತ 20ರಲ್ಲಿ ಇದು ಸಣ್ಣ ದೋಷ, 5ರಲ್ಲಿ 10%. ಬಾಟಲಿ ತೆರೆದ ಪ್ರತಿ ಬಾರಿಯೂ ಕಾರ್ಲ್ ಫಿಶರ್ ಟೈಟ್ರೇಷನ್ (ನೀರಿನಂಶ ಅಳೆಯುವ ಪರೀಕ್ಷೆ) ಮಾಡಿ ಆ ನೀರನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಮುಗಿಯಿತು. ಒಣಗಿಸುವ ಭರದಲ್ಲಿ ಬಿಸಿ ಏರಿಸುವುದು ತಪ್ಪು.

ಎರಡನೆಯದು ಹೆಚ್ಚು ಗಂಭೀರ. ಎಒಟಿ ಒಂದು ಡೈಎಸ್ಟರ್. ಆಮ್ಲದಲ್ಲೂ ಕ್ಷಾರದಲ್ಲೂ ನಿಧಾನವಾಗಿ ಒಡೆದು 2-ಈಥೈಲ್‌ಹೆಕ್ಸನಾಲ್ ಬಿಡುತ್ತದೆ. ತಯಾರಿಕೆಯಲ್ಲಿ ಉಳಿದುಹೋದ ಆಲ್ಕೋಹಾಲೂ ಸ್ವಲ್ಪ ಇರಬಹುದು. ಈ ಆಲ್ಕೋಹಾಲ್ ಪದರದಲ್ಲಿ ಎಒಟಿ ಅಣುಗಳ ನಡುವೆ ಕುಳಿತು ಬಿಗಿತವನ್ನು ಇಳಿಸುವ ಕೊಸರ್ಫ್ಯಾಕ್ಟೆಂಟ್. ತೂಕದಲ್ಲಿ ಬರೀ 1% ಎನಿಸಿದರೂ ಅಣುತೂಕ 130 ಆದ್ದರಿಂದ ಮೋಲ್ ಲೆಕ್ಕದಲ್ಲಿ ಅದು 3.4%. ಅನುಪಾತ 20ರ ಹನಿಯ ಮೈಮೇಲೆ ಸುಮಾರು 280 ಎಒಟಿ ಅಣುಗಳಿರುತ್ತವೆ. ಅಂದರೆ ಹನಿಯೊಂದಕ್ಕೆ ಒಂಬತ್ತು-ಹತ್ತು ಆಲ್ಕೋಹಾಲ್ ಅಣುಗಳು ಪಾಲಿಗೆ ಬರುತ್ತವೆ; ಕೆಲವು ಎಣ್ಣೆಗೆ ಜಾರಿಹೋದರೂ ಉಳಿದವು ಸಾಕಷ್ಟು.

ಈಗ ಕಿಣ್ವದ ಕಡೆ ನೋಡಿ. 0.1 ಮೋಲಾರ್ ಎಒಟಿಯಲ್ಲಿ ಹನಿಗಳ ಸಾಂದ್ರತೆ 0.1 ÷ 280, ಸುಮಾರು 0.36 ಮಿಲಿಮೋಲಾರ್. ಒಟ್ಟು ದ್ರಾವಣದಲ್ಲಿ 10 ಮೈಕ್ರೋಮೋಲಾರ್ ಕಿಣ್ವ ಹಾಕಿದರೆ 36 ಹನಿಗಳಲ್ಲಿ ಒಂದಕ್ಕೆ ಮಾತ್ರ ಕಿಣ್ವ ಸಿಗುತ್ತದೆ. ಉಳಿದ 35 ಹನಿಗಳು ಖಾಲಿ. ಉಪಕರಣ ಕೊಡುವುದು ಎಲ್ಲ ಹನಿಗಳ ಸರಾಸರಿ. ಆ ಸರಾಸರಿಯಲ್ಲಿ ಬಿಗಿತ 20% ಬದಲಾಗಿದೆ ಎಂದರೆ ಒಂದು ಹನಿಯ ಕಿಣ್ವ ಅಷ್ಟು ಮಾಡಿತೆಂದು ನಂಬುವುದಕ್ಕಿಂತ ಪ್ರತಿ ಹನಿಯಲ್ಲೂ ಇರುವ ಆಲ್ಕೋಹಾಲ್, ಲವಣ, ಗ್ಲಿಸರಾಲ್ ಕಡೆ ತಿರುಗುವುದು ವಿವೇಕ. ಎಒಟಿ ವ್ಯವಸ್ಥೆಯಲ್ಲಿ ಯಾವುದೇ ಫಲಿತಾಂಶ ಓದುವ ಮುನ್ನ ಹನಿಗೆಷ್ಟು ಕಿಣ್ವ ಎಂಬ ಈ ಭಾಗಾಕಾರವನ್ನು ಮಾಡಿಕೊಳ್ಳಿ.

ಶುದ್ಧೀಕರಣ ಕಷ್ಟವಲ್ಲ, ಬೇಸರದ ಕೆಲಸ. ಎಒಟಿಯನ್ನು ಮೆಥನಾಲಿನಲ್ಲಿ ಕರಗಿಸಿದರೆ ಸೋಡಿಯಂ ಸಲ್ಫೇಟಿನಂಥ ಲವಣ ಕರಗದೆ ತಳಕ್ಕೆ ಉಳಿಯುತ್ತದೆ. ಸಕ್ರಿಯ ಇದ್ದಿಲು ಹಾಕಿ ರಾತ್ರಿಯಿಡೀ ಕಲಕಿ, ಸೋಸಿ, ಮೆಥನಾಲನ್ನು ರೋಟರಿ ಇವಾಪೊರೇಟರಿನಲ್ಲಿ ತೆಗೆದು, ನಿರ್ವಾತದಲ್ಲಿ 40–50 °ಸೆ.ನಲ್ಲಿ ಒಣಗಿಸಿ, ಫಾಸ್ಫರಸ್ ಪೆಂಟಾಕ್ಸೈಡ್ ಇರುವ ಡೆಸಿಕೇಟರಿನಲ್ಲಿ ಇಡಬೇಕು. ಇಲ್ಲಿ ಕೆಡುವುದು ಎರಡು ಕಡೆ. ಇದ್ದಿಲಿನ ನುಣುಪು ಪುಡಿ ಸಾಮಾನ್ಯ ಫಿಲ್ಟರ್ ಕಾಗದದಲ್ಲಿ ನುಸುಳುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಲೈಟ್ ಸ್ಕ್ಯಾಟರಿಂಗಿನಲ್ಲಿ ದೊಡ್ಡ ಕಣಗಳ ಬಾಲವಾಗಿ ಬಂದು ಪ್ರೋಟೀನ್ ಒಟ್ಟುಗೂಡಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹಾಗಾಗಿ ಕೊನೆಗೆ 0.2 ಮೈಕ್ರಾನ್ ಪಿಟಿಎಫ್ಇ ಫಿಲ್ಟರ್ ಬೇಕೇ ಬೇಕು. ಇನ್ನೊಂದು, ಉಳಿದ ಮೆಥನಾಲ್. ಅದೂ ಆಲ್ಕೋಹಾಲೇ; ತೂಕ ಸ್ಥಿರವಾಗುವವರೆಗೆ ಒಣಗಿಸದಿದ್ದರೆ ಒಂದು ಕಲ್ಮಶ ತೆಗೆದು ಇನ್ನೊಂದನ್ನು ಸೇರಿಸಿದಂತೆ.

ಶುದ್ಧೀಕರಿಸಿದ ಎಒಟಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ನೇರ ಬಾಟಲಿಯಿಂದ ತೆಗೆದದ್ದಕ್ಕೆ, ಈ ಕೆಲಸದ ಮಟ್ಟಿಗೆ, ಎರಡಕ್ಕಿಂತ ಹೆಚ್ಚಿಲ್ಲ. 97% ಎಂದು ಚೀಟಿಯಲ್ಲಿ ಬರೆದಿದ್ದರೆ ಉಳಿದ 3% ಏನು ಎಂದು ಆ ಚೀಟಿ ಹೇಳುವುದಿಲ್ಲ.

ಲೈಪೇಸ್ ಬಾಟಲಿ

ಕ್ಯಾಂಡಿಡಾ ಅಂಟಾರ್ಕ್ಟಿಕಾ ಲೈಪೇಸ್ ಬಿ 317 ಅಮೈನೋ ಆಮ್ಲಗಳ, ಸುಮಾರು 33 ಕಿಲೋಡಾಲ್ಟನ್ ತೂಕದ, ಗಟ್ಟಿಮುಟ್ಟಾದ ಪ್ರೋಟೀನ್. ಗಾತ್ರ ಹೆಚ್ಚುಕಡಿಮೆ 3×4×5 ನ್ಯಾನೋಮೀಟರ್. ಬೇರೆ ಲೈಪೇಸುಗಳಿಗಿರುವಂಥ ದೊಡ್ಡ ಮುಚ್ಚಳ ಇದಕ್ಕಿಲ್ಲ. ಎಣ್ಣೆಯ ಅಂಚು ಮುಟ್ಟಿದ ಕೂಡಲೇ ಆಕಾರ ಬದಲಿಸಿ ಹುರುಪುಗೊಳ್ಳುವ ಸ್ವಭಾವವೂ ಅಷ್ಟಾಗಿ ಇಲ್ಲ. ಬಿಗಿತದ ಅಧ್ಯಯನಕ್ಕೆ ಇದು ಅನುಕೂಲ, ಯಾಕೆಂದರೆ ಒಂದೇ ಆಕಾರದ ಅಣುವಿನ ಪರಿಣಾಮ ನೋಡುತ್ತಿದ್ದೇವೆ ಎಂಬ ಧೈರ್ಯ ಇರುತ್ತದೆ. ಮುಚ್ಚಳ ತೆರೆದು ಪದರಕ್ಕೆ ಕಚ್ಚಿಕೊಳ್ಳುವ ಕಿಣ್ವವೇ ಬೇಕೆಂದರೆ ಥರ್ಮೋಮೈಸಿಸ್ ಲಾನುಗಿನೋಸಸ್ ಲೈಪೇಸ್ ತರಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು ಒಂದೇ ಕಿಣ್ವವನ್ನು ಹತ್ತು ಸಾಂದ್ರತೆಗಳಲ್ಲಿ ಅಳೆಯುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಈ ಸರಕು ಮೂರು ರೂಪದಲ್ಲಿ ಬರುತ್ತದೆ. ರಾಳದ ಮಣಿಗಳಿಗೆ ಅಂಟಿಸಿದ್ದು ಇಲ್ಲಿ ಪ್ರಯೋಜನಕ್ಕೆ ಬಾರದು, ಮಣಿ ಹನಿಯೊಳಗೆ ಹೋಗುವುದಿಲ್ಲ. ಒಣಪುಡಿಯಲ್ಲಿ ಲವಣ ಮತ್ತು ಸಕ್ಕರೆಗಳು ಬೆರೆತಿರುತ್ತವೆ. ಪುಡಿಯ ತೂಕವನ್ನೇ ಪ್ರೋಟೀನಿನ ತೂಕ ಎಂದುಕೊಂಡರೆ ಸಾಂದ್ರತೆಯ ಲೆಕ್ಕ ಪೂರ್ತಿ ಕೆಡುತ್ತದೆ. ದ್ರವ ರೂಪದ್ದು ಗ್ಲಿಸರಾಲ್, ಸಾರ್ಬಿಟಾಲ್ ಮತ್ತು ಸಂರಕ್ಷಕಗಳ ಜೊತೆ ಬರುತ್ತದೆ. ಗ್ಲಿಸರಾಲ್ ನೀರಿನ ಸ್ನಿಗ್ಧತೆ ಹೆಚ್ಚಿಸುತ್ತದೆ, ವಕ್ರೀಭವನಾಂಕ ಬದಲಿಸುತ್ತದೆ, ಸರ್ಫ್ಯಾಕ್ಟೆಂಟ್ ತಲೆಗಳ ಸುತ್ತಲಿನ ನೀರಿಗೆ ಪೈಪೋಟಿ ಕೊಡುತ್ತದೆ. ಒಂದು ಬಾಟಲಿಯ ತಪ್ಪು ಮೂರು ಉಪಕರಣಗಳಲ್ಲಿ ಮೂರು ರೂಪ ತಾಳುವುದು ಹೀಗೆ.

ಪರಿಹಾರ ಡಯಾಲಿಸಿಸ್. 10 ಕಿಲೋಡಾಲ್ಟನ್ ಪೊರೆಯ ಚೀಲದಲ್ಲಿ ಹಾಕಿ, ನೂರು ಪಟ್ಟು ಬಫರಿನ ಎದುರು 4 °ಸೆ.ನಲ್ಲಿ, ಬಫರ್ ಕನಿಷ್ಠ ಎರಡು ಸಲ ಬದಲಿಸಿ ಮಾಡಬೇಕು. ಆಮೇಲೆ 280 ನ್ಯಾನೋಮೀಟರಿನಲ್ಲಿ ಹೀರಿಕೆ ಅಳೆದು ಸಾಂದ್ರತೆ ಕಂಡುಕೊಳ್ಳಿ. ಕೊನೆಯ ಸುತ್ತಿನ ಹೊರಗಿನ ಬಫರನ್ನು ಚೆಲ್ಲಬೇಡಿ. ಕಿಣ್ವವಿಲ್ಲದ ಹೋಲಿಕೆ ಮಾದರಿಗೆ ಅದೇ ದ್ರವ ಬೇಕು, ಹೊಸದಾಗಿ ಕಲಸಿದ ಬಫರ್ ಸಾಲದು. ಎಒಟಿಯಂಥ ಆವೇಶಯುಕ್ತ ಪದರಕ್ಕೆ ಲವಣದ ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ.

ನಿಷ್ಕ್ರಿಯ ಕಿಣ್ವದ ಹೋಲಿಕೆ ಇಲ್ಲದ ಫಲಿತಾಂಶಕ್ಕೆ ನಾವು ಬೆಲೆ ಕೊಡುವುದಿಲ್ಲ. ಕಿಣ್ವ ಎಸ್ಟರ್ ಒಡೆದಾಗ ಕೊಬ್ಬಿನಾಮ್ಲ ಮತ್ತು ಆಲ್ಕೋಹಾಲ್ ಹುಟ್ಟುತ್ತವೆ, ಎರಡೂ ಪದರಕ್ಕೆ ಹೋಗಿ ಕೂರುತ್ತವೆ. ಎಣ್ಣೆಯೇ ಎಸ್ಟರ್ ಆಗಿರುವ ಮೈಕ್ರೋಎಮಲ್ಷನ್ನಿನಲ್ಲಂತೂ ಸಬ್‌ಸ್ಟ್ರೇಟ್ ಎಷ್ಟು ಬೇಕಾದರೂ ಇದೆ. ಅಳತೆ ನಡೆಯುತ್ತಿದ್ದಂತೆಯೇ ಮಾದರಿ ಬೇರೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಅದೇ ಆಕಾರದ, ಕೆಲಸ ಮಾತ್ರ ಮಾಡದ ಕಿಣ್ವ ಬೇಕು. ಕುದಿಸಿ ಕೆಡಿಸಿದ್ದು ಆಗದು. ಬಿಚ್ಚಿಕೊಂಡ ಪ್ರೋಟೀನ್ ತನ್ನ ಎಣ್ಣೆಪ್ರಿಯ ಭಾಗಗಳನ್ನು ಹೊರಚಾಚಿ ಪದರಕ್ಕೆ ಬೇರೆಯದೇ ರೀತಿಯಲ್ಲಿ ಅಂಟುತ್ತದೆ. ಈ ಲೈಪೇಸಿನಲ್ಲಿ ಕೆಲಸ ನಡೆಸುವ ಮೂವರು ಸೆರೀನ್ 105, ಆಸ್ಪಾರ್ಟೇಟ್ 187, ಹಿಸ್ಟಿಡೀನ್ 224. ಸೆರೀನ್ ಜಾಗಕ್ಕೆ ಅಲನೀನ್ ಹಾಕಿದ ರೂಪಾಂತರ ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಕೈಮೋಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವ ಬಳಸುವವರಿಗೆ, ಅದರ ಕೆಲಸದ ಜಾಗವನ್ನು ಪಿಎಂಎಸ್ಎಫ್ ಎಂಬ ಕಿಣ್ವತಡೆಯಿಂದ ಮುಚ್ಚುವುದು ಸುಲಭದ ದಾರಿ. ಮುಚ್ಚಿದ ಮೇಲೆ ಉಳಿದ ಪಿಎಂಎಸ್ಎಫ್ ಮತ್ತು ಅದರ ದ್ರಾವಕವನ್ನು ಮತ್ತೆ ಡಯಾಲಿಸಿಸ್ ಮಾಡಿ ತೆಗೆಯುವುದನ್ನು ಮರೆಯಬಾರದು.

ಕೈಮೋಟ್ರಿಪ್ಸಿನ್ ಬಗ್ಗೆ ಒಂದು ಮಾತು ಸೇರಿಸಬೇಕು. ಅದರ ಸಮವಿದ್ಯುತ್ ಬಿಂದು, ಅಂದರೆ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, ಸುಮಾರು 8.7; ತಟಸ್ಥ ಬಫರಿನಲ್ಲಿ ಧನಾವೇಶ ಹೊತ್ತಿರುತ್ತದೆ, ಎಒಟಿಯ ಋಣ ತಲೆಗಳತ್ತ ಸೆಳೆಯಲ್ಪಡುತ್ತದೆ. ಲೈಪೇಸ್ ಬಿಯದು 6ರ ಸುಮಾರು. ಹಾಗಾಗಿ ಪಿಎಚ್ 7.5ರಲ್ಲಿ ಇವೆರಡೂ ಎಒಟಿ ಪದರದ ಜೊತೆ ನಡೆದುಕೊಳ್ಳುವ ರೀತಿ ಒಂದೇ ಆಗಿರಲು ಸಾಧ್ಯವಿಲ್ಲ. ಎರಡನ್ನೂ ಸೇರಿಸಿ 'ಕಿಣ್ವಗಳು ಎಒಟಿ ಪದರವನ್ನು ಹೀಗೆ ಮಾಡುತ್ತವೆ' ಎಂದು ಬರೆಯುವ ಅಭ್ಯಾಸ ನಿಲ್ಲಬೇಕು.

ಅಳತೆಯ ದಾರಿಗಳು, ಮತ್ತು ಯಾವುದನ್ನು ಎಷ್ಟು ನಂಬಬೇಕು

ಹನಿ ವ್ಯವಸ್ಥೆಯಲ್ಲಿ ಕಪ್ಪಾ ಒಂದೇ ಸಿಗುವುದಿಲ್ಲ, ಕಪ್ಪಾದ ಎರಡರಷ್ಟು ಮತ್ತು ಕಪ್ಪಾ-ಬಾರ್ ಕೂಡಿದ ಮೊತ್ತ ಸಿಗುತ್ತದೆ. ಸ್ಮಾಲ್ ಆಂಗಲ್ ನ್ಯೂಟ್ರಾನ್ ಸ್ಕ್ಯಾಟರಿಂಗಿನಿಂದ ಹನಿಗಳ ಗಾತ್ರ ಎಷ್ಟು ಚದುರಿದೆ ಎಂದು ತಿಳಿಯುತ್ತದೆ. ಮಿಶ್ರಣದ ಎಂಟ್ರೊಪಿಯ ತಿದ್ದುಪಡಿ ಬಿಟ್ಟು ಹೇಳುವುದಾದರೆ ಆ ಚದುರುವಿಕೆಯ ವರ್ಗವನ್ನು 8ಪೈನಿಂದ ಗುಣಿಸಿ ವಿಲೋಮ ತೆಗೆದರೆ ಮೊತ್ತ ಕೆಟಿಯಲ್ಲಿ ಬರುತ್ತದೆ. ಚದುರುವಿಕೆ 0.20 ಆದರೆ 1.0 ಕೆಟಿ, 0.18 ಆದರೆ 1.23 ಕೆಟಿ. ಫಿಟ್‌ನಲ್ಲಿ 0.02ರ ಅನಿಶ್ಚಿತತೆ ಇದ್ದರೆ ಬಿಗಿತದ 20% ಏರಿಳಿತವೆಲ್ಲ ಅದರಲ್ಲೇ ಮುಳುಗಿಹೋಗುತ್ತದೆ. ಜೊತೆಗೆ ಕಿಣ್ವ ತುಂಬಿದ ಹನಿ ದೊಡ್ಡದು, ಖಾಲಿ ಹನಿ ಚಿಕ್ಕದು ಎಂದಾದರೆ ಚದುರುವಿಕೆ ತಾನಾಗಿ ಹೆಚ್ಚುತ್ತದೆ. ಪದರ ಮೆದುವಾಗದೆಯೂ ಮೆದುವಾದಂತೆ ಕಾಣುತ್ತದೆ. ಎರಡು ಬಗೆಯ ಹನಿಗಳ ಮಾದರಿಯಿಂದಲೂ ಒಮ್ಮೆ ಫಿಟ್ ಮಾಡಿ ನೋಡುವುದು ಕಡ್ಡಾಯ.

ನ್ಯೂಟ್ರಾನ್ ಇಲ್ಲದವರಿಗೆ ಸ್ಪಿನ್ನಿಂಗ್ ಡ್ರಾಪ್ ಟೆನ್ಸಿಯೋಮೀಟರ್ ಇದೆ. ಹನಿಗಳು ಇನ್ನು ನೀರು ಕುಡಿಯಲಾರದೆ ಹೆಚ್ಚುವರಿ ನೀರು ಬೇರೆಯಾಗಿ ನಿಂತ ಸ್ಥಿತಿಯಲ್ಲಿ, ಮೈಕ್ರೋಎಮಲ್ಷನ್ ಮತ್ತು ಆ ನೀರಿನ ನಡುವಿನ ಮೇಲ್ಮೈ ಎಳೆತವನ್ನು ಹನಿಯ ತ್ರಿಜ್ಯದ ವರ್ಗದಿಂದ ಗುಣಿಸಿದರೆ ಅದೇ ಮೊತ್ತ. 5 ನ್ಯಾನೋಮೀಟರ್ ತ್ರಿಜ್ಯ, 1 ಕೆಟಿ ಎಂದರೆ ಎಳೆತ ಮೀಟರಿಗೆ 0.16 ಮಿಲಿನ್ಯೂಟನ್. ಇಷ್ಟು ಕಡಿಮೆ ಎಳೆತಕ್ಕೆ ತೂಗುಹನಿಯ ಉಪಕರಣ ಸರಿಯಲ್ಲ. ತಿರುಗುವ ಕೊಳವೆಯಲ್ಲಿ ಹನಿಯ ಉದ್ದ ಅದರ ವ್ಯಾಸದ ನಾಲ್ಕು ಪಟ್ಟು ದಾಟಿದ ಮೇಲೆ ಮಾತ್ರ ವೊನ್ನೆಗಟ್ ಅವರ 1942ರ ಸರಳ ಸೂತ್ರ ಬಳಸಬಹುದು. ಒಂದು ಎಚ್ಚರಿಕೆ: ಹೆಚ್ಚುವರಿ ನೀರು ಇರುವಾಗ ಕಿಣ್ವ ಹನಿ ಬಿಟ್ಟು ಆ ನೀರಿಗೆ ಇಳಿದುಹೋಗಬಹುದು, ಅದರಲ್ಲೂ ಪಿಎಚ್ ಸಮವಿದ್ಯುತ್ ಬಿಂದುವಿಗಿಂತ ಮೇಲಿದ್ದರೆ. ಕೆಳಗಿನ ನೀರನ್ನು 280 ನ್ಯಾನೋಮೀಟರಿನಲ್ಲಿ ಅಳೆಯದೆ ಹನಿಯಲ್ಲಿ ಇಷ್ಟು ಕಿಣ್ವ ಇದೆ ಎಂದು ಬರೆಯಬೇಡಿ.

ವಿದ್ಯುದ್ವಾಹಕತೆಯ ಪರ್ಕೊಲೇಷನ್ ಪರೀಕ್ಷೆ ಅಗ್ಗ, ಬೇಗ. ತಾಪ ಏರಿಸುತ್ತಾ ಹೋದಾಗ ವಾಹಕತೆ ಹತ್ತರ ಹಲವು ಘಾತಗಳಷ್ಟು ಜಿಗಿಯುವ ಬಿಂದು ಕಿಣ್ವದಿಂದ ಸರಿಯುತ್ತದೆ. ಆದರೆ ಅದು ಹನಿಗಳ ನಡುವಿನ ಸೆಳೆತ ಮತ್ತು ಡಿಕ್ಕಿಯಾದಾಗ ಪದರ ತೆರೆದುಕೊಳ್ಳುವ ಸುಲಭತನ ಎರಡನ್ನೂ ಬೆರೆಸಿ ಹೇಳುತ್ತದೆ. ಬಿಗಿತದ ಸಂಖ್ಯೆ ಅದರಿಂದ ಬರದು.

ನಿಜವಾದ ಉತ್ತರ ನ್ಯೂಟ್ರಾನ್ ಸ್ಪಿನ್ ಎಕೋದಿಂದ. ಗ್ರೆನೋಬ್ಲಿನ ಐಎಲ್ಎಲ್, ಗಾರ್ಷಿಂಗಿನ ಎಂಎಲ್‌ಜೆಡ್, ಗೈದರ್ಸ್‌ಬರ್ಗಿನ ಎನ್ಐಎಸ್‌ಟಿ, ಓಕ್ ರಿಡ್ಜಿನ ಎಸ್ಎನ್ಎಸ್ ಈ ನ್ಯೂಟ್ರಾನ್ ಕೇಂದ್ರಗಳಲ್ಲಿ ಅರ್ಜಿ ಹಾಕಿ ಬೀಮ್ ಸಮಯ ಪಡೆಯಬೇಕು. ಇಲ್ಲಿ ಪದರದ ಕುಲುಕಾಟವೇ ನ್ಯಾನೋಸೆಕೆಂಡುಗಳಲ್ಲಿ ಕಾಣುತ್ತದೆ. ಜಿಲ್ಮನ್ ಮತ್ತು ಗ್ರಾನೆಕ್ 1996ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಸಡಿಲಿಕೆಯ ವೇಗ ಬಿಗಿತದ ವರ್ಗಮೂಲಕ್ಕೂ ಸ್ನಿಗ್ಧತೆಗೂ ವಿಲೋಮ. ತಿರುಗಿಸಿ ಬರೆದರೆ ಬಿಗಿತ ಸ್ನಿಗ್ಧತೆಯ ವರ್ಗಕ್ಕೆ ವಿಲೋಮ. ನ್ಯೂಟ್ರಾನ್ ಮಾದರಿಗಳಲ್ಲಿ ಬಳಸುವ ಭಾರಜಲದ ಸ್ನಿಗ್ಧತೆ 25 °ಸೆ.ನಲ್ಲಿ 1.10 ಮಿಲಿಪಾಸ್ಕಲ್-ಸೆಕೆಂಡ್, ಸಾಮಾನ್ಯ ನೀರಿನದು 0.89. ಒಂದರ ಬದಲು ಇನ್ನೊಂದನ್ನು ಹಾಕಿದರೆ ಬಿಗಿತದಲ್ಲಿ 50% ದೋಷ. ಕಿಣ್ವವೂ ಸ್ನಿಗ್ಧತೆ ಏರಿಸುತ್ತದೆ: ನೀರಿನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಗೋಳಾಕಾರದ ಪ್ರೋಟೀನ್ ಇದ್ದರೆ 3–4%. ಹನಿ ವ್ಯವಸ್ಥೆಯಲ್ಲಿ ಒಟ್ಟು 100 ಮೈಕ್ರೋಮೋಲಾರ್ ಲೈಪೇಸ್ ಎಂದರೆ ನೀರಿನ ಭಾಗದಲ್ಲಿ ಮಿ.ಲೀ.ಗೆ 90 ಮಿ.ಗ್ರಾಂ ಮೀರುತ್ತದೆ, ಆಗ ಸ್ನಿಗ್ಧತೆ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಏರುತ್ತದೆ. ಹಳೆಯ ಸ್ನಿಗ್ಧತೆಯನ್ನೇ ಸೂತ್ರಕ್ಕೆ ಹಾಕಿದರೆ ಕಿಣ್ವ ಪದರವನ್ನು ಬಿಗಿಗೊಳಿಸಿತು ಎಂಬ ಸುಳ್ಳು ಉತ್ತರ ಬರುತ್ತದೆ. ಮಾದರಿಯ ಅಳತೆ ಗಂಟೆಗಟ್ಟಲೆ ನಡೆಯುವುದರಿಂದ ಮುಂಚೆ ಮತ್ತು ನಂತರ ಚಟುವಟಿಕೆ ಪರೀಕ್ಷಿಸಬೇಕು. ಭಾರಜಲದ ಬಫರಿನಲ್ಲಿ ಮೀಟರ್ ತೋರಿಸುವ ಪಿಎಚ್‌ಗೆ 0.4 ಕೂಡಿಸಿಕೊಳ್ಳಬೇಕು.

ಸಿ10ಇ4: ದುಬಾರಿ, ಆದರೆ ಈ ಪ್ರಶ್ನೆಗೆ ಸರಿಯಾದದ್ದು

ಟೆಟ್ರಾಈಥಿಲೀನ್ ಗ್ಲೈಕಾಲ್ ಮಾನೋಡೆಸಿಲ್ ಈಥರ್ ಎಂಬ ಈ ಸರ್ಫ್ಯಾಕ್ಟೆಂಟಿಗೆ ಆವೇಶವಿಲ್ಲ, ಎಸ್ಟರ್ ಕೊಂಡಿಯೂ ಇಲ್ಲ. ಎಒಟಿಯ ಎರಡು ದೊಡ್ಡ ತಲೆನೋವು ಇಲ್ಲಿ ಇಲ್ಲವೇ ಇಲ್ಲ. ನೀರು ಮತ್ತು ಎನ್-ಡೆಕೇನ್ ಸಮ ಪರಿಮಾಣದಲ್ಲಿದ್ದಾಗ, 30 °ಸೆ. ಸುಮಾರಿನಲ್ಲಿ, ತೂಕದ 13% ಆಸುಪಾಸು ಸಿ10ಇ4 ಸಾಕು, ಬೈಕಂಟಿನ್ಯೂಯಸ್ ರಚನೆ ಸಿಗುತ್ತದೆ. ಅಳತೆ: ನೀರು 2.00 ಗ್ರಾಂ, ಡೆಕೇನ್ 1.46 ಗ್ರಾಂ, ಸಿ10ಇ4 0.526 ಗ್ರಾಂ. ಇಲ್ಲಿ ನೀರು ಒಡೆದ ಹನಿಗಳಾಗಿಲ್ಲ, ಅಖಂಡವಾಗಿ ಹರಿದಿದೆ. ಕಿಣ್ವವಿರುವ ಹನಿ, ಇಲ್ಲದ ಹನಿ ಎಂಬ ಭೇದವೇ ಹುಟ್ಟುವುದಿಲ್ಲ. ನಮ್ಮ ಮಟ್ಟಿಗೆ ಈ ಒಂದು ಗುಣಕ್ಕೇ ಅದರ ಬೆಲೆ ತೆರಬಹುದು.

ಇದರ ಇನ್ನೊಂದು ಸೊಗಸು ಮೀನಿನ ಚಿತ್ರ. ತಾಪವನ್ನು ಒಂದು ಅಕ್ಷಕ್ಕೂ ಸರ್ಫ್ಯಾಕ್ಟೆಂಟ್ ಪ್ರಮಾಣವನ್ನು ಇನ್ನೊಂದಕ್ಕೂ ಹಾಕಿ ಹಂತಗಳ (ಬೇರೆ ಬೇರೆಯಾಗಿ ನಿಲ್ಲುವ ದ್ರವಭಾಗಗಳ) ಗಡಿ ಗುರುತಿಸಿದರೆ ಮೀನಿನ ಆಕಾರ ಬರುತ್ತದೆ. ಮೈ ಮುಗಿದು ಬಾಲ ಶುರುವಾಗುವ ಬಿಂದುವಿನಲ್ಲಿ ಮೂರು ಹಂತ ಹೋಗಿ ಒಂದೇ ಹಂತ ಉಳಿಯುತ್ತದೆ. ಬೇಕಾದದ್ದು ಬಿಗಿ ಮುಚ್ಚಳದ ಟ್ಯೂಬುಗಳು, ಒಳಗೊಂದು ಕಲಕುಕಡ್ಡಿ, 0.05 ಡಿಗ್ರಿಯೊಳಗೆ ನಿಲ್ಲುವ ವಾಟರ್ ಬಾತ್, ತಾಳ್ಮೆ. ಕಿಣ್ವ ಸೇರಿಸಿದಾಗ ಆ ಬಿಂದು ಹೆಚ್ಚು ಸರ್ಫ್ಯಾಕ್ಟೆಂಟ್ ಕಡೆಗೆ ಸರಿದರೆ ಪದರ ಮೆದುವಾಗಿದೆ, ಕಡಿಮೆ ಕಡೆಗೆ ಸರಿದರೆ ಬಿಗಿಯಾಗಿದೆ. ಈ ಸ್ಥಳವನ್ನು ಮುಖ್ಯವಾಗಿ ನಿರ್ಧರಿಸುವುದು ಕಪ್ಪಾ-ಬಾರ್ ಎಂಬುದು ನೆನಪಿರಲಿ.

ಉತ್ಪನ್ನದ ಪರಿಣಾಮವನ್ನು ಹಿಡಿಯಲೂ ಇದೇ ಟ್ಯೂಬು ಸಾಕು. ಬಿಂದುವಿನ ತಾಪವನ್ನು ಕಿಣ್ವ ಹಾಕಿದ ಕೂಡಲೇ ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಪ್ರೋಟೀನಿನ ಪರಿಣಾಮ ಮಾತ್ರವಾಗಿದ್ದರೆ ಅದು ಅಲ್ಲೇ ಇರಬೇಕು. ಮೇಲಕ್ಕೆ ಜರುಗುತ್ತಿದ್ದರೆ ಆವೇಶ ಹೊತ್ತ ಕೊಬ್ಬಿನಾಮ್ಲ ಪದರಕ್ಕೆ ಸೇರುತ್ತಿದೆ. ಕೆಳಕ್ಕೆ ಜರುಗುತ್ತಿದ್ದರೆ ಉದ್ದ ಸರಪಳಿಯ ಆಲ್ಕೋಹಾಲ್ ಅಥವಾ ಆವೇಶ ಕಳೆದುಕೊಂಡ ಆಮ್ಲ. ಭಾರಜಲ ಬಳಸಿದರೆ ಇಡೀ ಮೀನು ಒಂದೆರಡು ಡಿಗ್ರಿ ಕೆಳಗಿಳಿಯುತ್ತದೆ. ಅದನ್ನು ಕಿಣ್ವದ ತಲೆಗೆ ಕಟ್ಟಬಾರದು, ಭಾರಜಲದಲ್ಲೇ ಹೋಲಿಕೆ ಮಾದರಿಯನ್ನೂ ಮಾಡಬೇಕು.

ಇದೇ ಮಾದರಿಯನ್ನು ಸ್ಮಾಲ್ ಆಂಗಲ್ ಸ್ಕ್ಯಾಟರಿಂಗಿಗೆ ಇಟ್ಟು, ಟ್ಯೂಬ್ನರ್ ಮತ್ತು ಸ್ಟ್ರೇ 1987ರಲ್ಲಿ ಕೊಟ್ಟ ಸೂತ್ರದಿಂದ ಫಿಟ್ ಮಾಡಿದರೆ ರಚನೆಯ ಪುನರಾವರ್ತನೆಯ ದೂರವೂ ಕ್ರಮ ಉಳಿಯುವ ದೂರವೂ ಸಿಗುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 0.85ರಿಂದ ಗುಣಿಸಿದರೆ ಬಿಗಿತ ಕೆಟಿಯಲ್ಲಿ, ಸಾಮಾನ್ಯವಾಗಿ 0.4 ಆಸುಪಾಸು. ಸ್ಪಿನ್ ಎಕೋ ಕೊಡುವ ಸಂಖ್ಯೆ ಇದಕ್ಕಿಂತ ದೊಡ್ಡದು. ಸ್ಕ್ಯಾಟರಿಂಗಿನ ಸಂಖ್ಯೆಯಲ್ಲಿ ಸುಕ್ಕುಗಳಿಂದಾದ ಮೆದುತನವೂ ಸೇರಿದೆ, ಸ್ಪಿನ್ ಎಕೋದಲ್ಲಿ ಸೇರಿಲ್ಲ. ಒಂದು ವಿಧಾನದ ಹೋಲಿಕೆ ಮಾದರಿಯನ್ನು ಇನ್ನೊಂದು ವಿಧಾನದ ಕಿಣ್ವ ಮಾದರಿಯ ಪಕ್ಕ ಇಡಬಾರದು.

ಕೊರತೆಗಳೂ ಇವೆ. ಕೆಲಸ ಮಾಡುವ ತಾಪದ ಕಿಂಡಿ ಕಿರಿದು, ಕಿಣ್ವಕ್ಕೆ ಇಷ್ಟವಾದ ತಾಪಕ್ಕೆ ಬೇಕೆಂದಾಗ ಹೋಗಲಾಗದು. ಸರ್ಫ್ಯಾಕ್ಟೆಂಟಿನ ಒಂದು ಪಾಲು ಡೆಕೇನಿನಲ್ಲಿ ಬಿಡಿ ಅಣುಗಳಾಗಿ ಕರಗಿಹೋಗುವುದರಿಂದ ತೂಗಿದ್ದೆಲ್ಲ ಪದರದಲ್ಲಿದೆ ಎಂದು ಲೆಕ್ಕ ಹಾಕಿದರೆ ಪದರದ ವಿಸ್ತೀರ್ಣ ಜಾಸ್ತಿ ಬರುತ್ತದೆ. ತುದಿಯಲ್ಲಿ ಆಲ್ಕೋಹಾಲ್ ಗುಂಪು ಇರುವುದರಿಂದ, ಎಸ್ಟರ್ ಸಬ್‌ಸ್ಟ್ರೇಟ್ ಜೊತೆಗಿದ್ದರೆ ಲೈಪೇಸ್ ಅದಕ್ಕೇ ಅಸೈಲ್ ಗುಂಪು ಅಂಟಿಸುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಈಥರ್ ಸರಪಳಿ ಗಾಳಿಯಲ್ಲಿ ನಿಧಾನವಾಗಿ ಪೆರಾಕ್ಸೈಡ್ ಆಗುತ್ತದೆ, ಪೆರಾಕ್ಸೈಡ್ ಕಿಣ್ವದ ಮೆಥಿಯೋನಿನ್ ಮತ್ತು ಸಿಸ್ಟೀನ್‌ಗಳನ್ನು ಹಾಳು ಮಾಡುತ್ತದೆ. ಕೈಗಾರಿಕಾ ದರ್ಜೆಯ ಅಗ್ಗದ ಸರಕು ಬೇರೆ ಬೇರೆ ಉದ್ದದ ಸರಪಳಿಗಳ ಬೆರಕೆ. ಅದರಲ್ಲಿ ಮೀನು ಓರೆಯಾಗಿ ನಿಲ್ಲುತ್ತದೆ, ಬಾಲದ ಬಿಂದು ಖಚಿತವಾಗಿ ಸಿಗುವುದಿಲ್ಲ. ಇಷ್ಟಾದರೂ ಐದಕ್ಕೆ ನಾಲ್ಕೂವರೆ.

ಆರ್ಡರ್ ಹಾಕುವಾಗ

ಎಒಟಿಗೆ ಆ ಬ್ಯಾಚಿನ ನೀರಿನಂಶ ಮತ್ತು ಆಲ್ಕೋಹಾಲ್ ಅಂಶ ಬರೆದ ವಿಶ್ಲೇಷಣಾ ಪತ್ರ ಕೇಳಿ. ಒಂದು ಸರಣಿಯ ಎಲ್ಲ ಮಾದರಿಗಳಿಗೂ ಸಾಲುವಷ್ಟನ್ನು ಒಂದೇ ಬ್ಯಾಚಿನಿಂದ ತರಿಸಿ, ಒಟ್ಟಿಗೇ ಶುದ್ಧೀಕರಿಸಿ, ಸಣ್ಣ ಸೀಸೆಗಳಲ್ಲಿ ಹಂಚಿಡಿ. ಹೊಸ ಸೀಸೆ ತೆರೆದಾಗಲೆಲ್ಲ ಅನುಪಾತ 20ರ ಕಿಣ್ವವಿಲ್ಲದ ಮಾದರಿ ಮಾಡಿ ಲೈಟ್ ಸ್ಕ್ಯಾಟರಿಂಗಿನಲ್ಲಿ ತ್ರಿಜ್ಯ 5.0 ನ್ಯಾನೋಮೀಟರ್ ಹತ್ತಿರ ಬರುತ್ತದೆಯೇ ನೋಡಿ. ಲೈಪೇಸಿಗೆ ದ್ರವ ರೂಪ ತರಿಸಿ ಡಯಾಲಿಸಿಸ್ ಮಾಡುವುದು ಒಣಪುಡಿಗಿಂತ ಲೇಸು. ಒಣಪುಡಿ ಕರಗಿಸಿದಾಗ ಉಳಿಯುವ ಗಸಿಯನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯದಿದ್ದರೆ ಅದು ಪ್ರತಿ ಮಾದರಿಗೂ ಹೋಗುತ್ತದೆ. ಸಿ10ಇ4 ಅನ್ನು 1 ಗ್ರಾಂ, 5 ಗ್ರಾಂನ ಮುಚ್ಚಿದ ಆಂಪೂಲುಗಳಲ್ಲೇ ಕೊಳ್ಳಿ, ದೊಡ್ಡ ಬಾಟಲಿ ಬೇಡ. ತೆರೆದ ಆಂಪೂಲಿಗೆ ಆರ್ಗಾನ್ ತುಂಬಿ, ಕತ್ತಲೆಯಲ್ಲಿ ಫ್ರೀಜರಿನಲ್ಲಿಡಿ. ತೂಗುವ ಮುನ್ನ ಮುಚ್ಚಿದ ಹಾಗೇ ಕೋಣೆಯ ತಾಪಕ್ಕೆ ಬರಲು ಬಿಡಬೇಕು, ಇಲ್ಲದಿದ್ದರೆ ತಣ್ಣನೆಯ ಗಾಜಿನ ಮೇಲೆ ಕೂತ ತೇವ ನೇರ ಒಳಗಿಳಿಯುತ್ತದೆ. ಪೆರಾಕ್ಸೈಡ್ ಪರೀಕ್ಷಾ ಪಟ್ಟಿ ಬಣ್ಣ ತಿರುಗಿದರೆ ಆ ಆಂಪೂಲನ್ನು ಕಿಣ್ವದ ಕೆಲಸಕ್ಕೆ ಬಳಸಬೇಡಿ. ಕಿಣ್ವವಿಲ್ಲದ ಹಂತಚಿತ್ರದ ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದು.